ಪುನರ್ವಸು ಮಳೆ

"ಗುರುವಾರ ರಾತ್ರಿ ಉಲ್ಕಾಮಳೆ ಇದೆ, ಮೊಳಕಾಲ್ಮೂರು ಕಡೆ ಹೋಗಿ ಬರ್ತೀನಿ" ಎಂದು ಹೆಂಡತಿಗೆ ಹೇಳಿದೆ. ಅಷ್ಟುದ್ದದ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಪದ. ಸೌಟು ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ಆಕಾಶ ನೋಡಿ ಬಂದಳು. "ಮೋಡದ ಚೂರೂ ಇಲ್ವಲ್ಲ ರೀ. ಮಾಳಿಗೆ ಮೇಲೆ ಬೀಜದ ಶೇಂಗಾ ಒಣಹಾಕಿದೀನಿ, ಯಾವುದಕ್ಕೂ ತೆಗೆದುಬಿಡಲಾ?"

2023ರ ಡಿಸೆಂಬರ್ ಅದು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿದ್ದ ವರ್ಷ. ಉಳಿದ 13ರಲ್ಲಿ ಚಳ್ಳಕೆರೆಯಾಗಲಿ ಮೊಳಕಾಲ್ಮೂರಾಗಲಿ ಇರಲಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಬರದ ಪಟ್ಟಿ ಬರೆಯುವ ಗುಮಾಸ್ತ ಮೊದಲು ನಮ್ಮೆರಡು ತಾಲೂಕುಗಳ ಹೆಸರು ಬರೆದಿಟ್ಟು, ಆಮೇಲೆ ಕನ್ನಡಕ ಹಾಕಿಕೊಂಡು ಕಡತ ಬಿಚ್ಚುತ್ತಾನೆ ಎಂಬುದು ನಮ್ಮ ಕಡೆಯ ಹಳೆಯ ನಗೆಮಾತು. ಇಂಥ ಊರಿನಲ್ಲಿ ಮಳೆ ಎಂಬ ಪದವನ್ನು ಸುಮ್ಮನೆ ಬಾಯಿಗೆ ಬಂದಂತೆ ಆಡಬಾರದು. ಉಲ್ಕಾಪಾತ ಎಂದಿದ್ದರೆ ಆಗುತ್ತಿತ್ತು. ಶೇಂಗಾ ಮಾಳಿಗೆಯ ಮೇಲೇ ಉಳಿಯುತ್ತಿತ್ತು.

ನಾನು ಖಗೋಳದವನಲ್ಲ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕೂತು ತಲೆ ತಗ್ಗಿಸಿ ನೋಟು ಎಣಿಸಿದವನು. ತಲೆ ಎತ್ತಿ ನೋಡುವವರ ಈ ಗುಂಪಿಗೆ ನನ್ನನ್ನು ಸೇರಿಸಿಕೊಂಡದ್ದಕ್ಕೆ ಕಾರಣ, ನಮ್ಮ ಮನೆಯಲ್ಲಿ ಹನ್ನೆರಡು ಜನ ಮಲಗುವಷ್ಟು ದೊಡ್ಡ ಜಮಖಾನ ಇದ್ದದ್ದು. ನಮ್ಮ ಸಂಘಕ್ಕೆ ಹೆಸರಿಲ್ಲ, ಬೈಲಾ ಇಲ್ಲ, ರಶೀದಿ ಪುಸ್ತಕ ಇಲ್ಲ. ನಿವೃತ್ತ ಹೆಡ್‌ಮೇಷ್ಟ್ರು ಒಬ್ಬರು, ಎಣ್ಣೆ ಮಿಲ್ಲಿನ ಲೆಕ್ಕ ಬರೆಯುವವರು ಒಬ್ಬರು, ಲೈನ್‌ಮನ್ ಒಬ್ಬರು, ಅವರ ಒಂಬತ್ತನೇ ಕ್ಲಾಸಿನ ಮಗಳು, ಮತ್ತೆ ನಾನು ಹಾಗೂ ಜಮಖಾನ. ಲೈನ್‌ಮನ್ನರನ್ನು ಮೇಷ್ಟ್ರು ಸೇರಿಸಿಕೊಂಡಿದ್ದರ ಹಿಂದೆ ಒಂದು ದೂರಾಲೋಚನೆ ಇತ್ತೆಂದು ನನ್ನ ಗುಮಾನಿ. ಬೀದಿದೀಪ ಆರಿಸಬಲ್ಲ ಒಬ್ಬನ ಸ್ನೇಹ ನೂರು ದೂರದರ್ಶಕಕ್ಕೆ ಸಮ. ಆದರೆ ಆ ಮನುಷ್ಯ ಕರ್ತವ್ಯನಿಷ್ಠ. ಇಷ್ಟು ವರ್ಷದಲ್ಲಿ ನಮಗಾಗಿ ಒಂದು ಬಲ್ಬನ್ನೂ ಆರಿಸಿದ್ದಿಲ್ಲ.

ನಮ್ಮ ಸಂಘದ ಗುಟ್ಟೊಂದಿದೆ. ಚಳ್ಳಕೆರೆಯ ಸಂತೆಯಲ್ಲಿ ನಿಂತು ಹೇಳಿದರೆ ಏಟು ಬೀಳುವಂಥದ್ದು. ಮೋಡ ಬರದಿರಲಪ್ಪಾ ಎಂದು ಕೋರುವವರು ಇಡೀ ತಾಲೂಕಿನಲ್ಲಿ ನಾವೊಬ್ಬರೇ. ಆ ವರ್ಷದ ಆಗಸ್ಟ್ ದೇಶಕ್ಕೇ ಒಣ ಆಗಸ್ಟ್ ಆಗಿತ್ತು. 1901ರಿಂದ ಅಂಥ ಆಗಸ್ಟ್ ಬಂದಿರಲಿಲ್ಲವೆಂದು ಹವಾಮಾನದವರೇ ಹೇಳಿದ್ದರು. ಆಗಸ್ಟ್ 12, 13ರ ಸುಮಾರಿಗೆ ಪರ್ಸಿಯಸ್ ಪುಂಜದ ಕಡೆಯಿಂದ ಉಲ್ಕೆಗಳು ಬೀಳುತ್ತವೆ. ನಮಗೆ ಅದು ಮುಂಗಾರಿನ ಕಾಲವಾದ್ದರಿಂದ ನಾಲ್ಕು ವರ್ಷಕ್ಕೊಮ್ಮೆ ಕಂಡರೆ ಪುಣ್ಯ. ಆ ಸಲ ಆಕಾಶ ಬೋಳಿಸಿದಂತೆ ಇತ್ತು. ಮೇಷ್ಟ್ರು ಬೆಳಗಿನ ಜಾವದವರೆಗೆ ಮಾಳಿಗೆಯ ಮೇಲೆ ಕೂತು ಕಣ್ತುಂಬ ನೋಡಿದರು. ಮಾರನೆಯ ದಿನ ಕಟಿಂಗ್ ಅಂಗಡಿಯಲ್ಲಿ ಯಾರೋ "ಏನ್ ಸಾರ್, ಮೋಡಾನೇ ಇಲ್ವಲ್ಲ" ಎಂದಾಗ, ಕದ್ದ ಮಾಲು ಜೇಬಲ್ಲಿ ಇಟ್ಟುಕೊಂಡವರ ಹಾಗೆ "ಹೌದಪ್ಪ, ಏನ್ ಕಾಲ ಬಂತೋ" ಎಂದು ಗೋಡೆ ಕಡೆ ತಿರುಗಿದರಂತೆ. ಇದನ್ನು ಹೇಳಿದವರು ಅವರೇ.

ಡಿಸೆಂಬರಿನದು ಹಾಗಲ್ಲ. ಆ ತಿಂಗಳಲ್ಲಿ ಮೋಡ ಬೇಡವೆಂದರೆ ಅಷ್ಟು ಪಾಪ ತಟ್ಟದು. ಮಿಥುನ ರಾಶಿಯ ಉಲ್ಕೆಗಳು 13, 14ರ ರಾತ್ರಿಗಳಲ್ಲಿ ಜೋರು. ಮೋಡವಿಲ್ಲದ, ದೀಪವಿಲ್ಲದ ಕತ್ತಲಲ್ಲಿ, ಆ ರಾಶಿ ನೆತ್ತಿಯ ಮೇಲೆ ಬಂದಾಗ ಗಂಟೆಗೆ ನೂರಿಪ್ಪತ್ತರವರೆಗೂ ಕಾಣಬಹುದೆಂಬ ಲೆಕ್ಕ ಇದೆ. ಆ ಸಲ ಅಮಾವಾಸ್ಯೆ ಕಳೆದು ಎರಡು ದಿನ. ಎಳೆ ಚಂದ್ರ ಸಂಜೆಗೇ ಮುಳುಗಿಬಿಡುತ್ತಿದ್ದ. ಮೇಷ್ಟ್ರು ತಿಂಗಳು ಮೊದಲೇ ಮುಹೂರ್ತ ಇಟ್ಟಿದ್ದರು.

ಎಲ್ಲಿಗೆ ಹೋಗುವುದೆಂಬುದೇ ದೊಡ್ಡ ಚರ್ಚೆಯಾಯಿತು. ಲೆಕ್ಕದವರು ಕುದಾಪುರದ ಕಡೆಯ ಕಾವಲು ಎಂದರು. ಅಮೃತ ಮಹಲ್ ದನಗಳು ಮೇಯ್ದ ಹುಲ್ಲುಗಾವಲು, ಕಣ್ಣು ಹಾಯುವಷ್ಟೂ ಬಯಲು, ಆಕಾಶ ನೋಡಲು ಅದಕ್ಕಿಂತ ಜಾಗ ಬೇಕೆ? ಆದರೆ ಈಗ ಅಲ್ಲಿ ವಿಜ್ಞಾನದ್ದೇ ಸಂಸಾರ. ಒಂದು ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ, ಇನ್ನೊಂದು ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಬಯಲು, ಮತ್ತೊಂದು ಕಡೆ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಕುರಿ ಹೋಗುತ್ತಿದ್ದ ದಾರಿಯಲ್ಲಿ ಗೋಡೆ ಬಂದಿದೆ. ಅಂಥ ಗೋಡೆಯ ಪಕ್ಕ ನಡುರಾತ್ರಿ ಐದು ಜನ ಮಂಕಿಕ್ಯಾಪು ಹಾಕಿಕೊಂಡು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೊಳವೆಯಂಥದ್ದನ್ನು ಆಕಾಶಕ್ಕೆ ಗುರಿ ಇಟ್ಟುಕೊಂಡು ಕೂತರೆ, ನಾವು ಉಲ್ಕೆ ನೋಡುವ ಮೊದಲೇ ನಮ್ಮನ್ನು ಯಾರಾದರೂ ನೋಡುತ್ತಾರೆ ಎಂದರು ಲೈನ್‌ಮನ್. ಆ ಮಾತಿಗೆ ಎದುರು ಮಾತಿರಲಿಲ್ಲ. ಕೊನೆಗೆ ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದ ಹತ್ತಿರ, ಬ್ರಹ್ಮಗಿರಿಯ ಮಗ್ಗುಲಲ್ಲಿ, ಮೇಷ್ಟ್ರ ಹಳೆಯ ಶಿಷ್ಯನೊಬ್ಬನ ಹೊಲ ಗೊತ್ತಾಯಿತು. ಆ ವರ್ಷ ಹೊಲದಲ್ಲಿ ತುಳಿದು ಹಾಳುಮಾಡುವಂಥದ್ದು ಏನೂ ಇರಲಿಲ್ಲ.

ಮಿಲ್ಲಿನ ಲಗೇಜ್ ಆಟೋದಲ್ಲಿ ಹೊರಟೆವು. ಚಳ್ಳಕೆರೆ ಎಣ್ಣೆಯ ಊರು; ಇಲ್ಲಿನ ಯಾವ ಗಾಡಿ ಮೂಸಿದರೂ ಶೇಂಗಾ ವಾಸನೆ. ಈ ಆಟೋದಲ್ಲಿ ಮಧ್ಯಾಹ್ನವಷ್ಟೇ ಹಿಂಡಿ ಸಾಗಿಸಿದ್ದರು. ತಳದಲ್ಲಿ ಅದರ ಪುಡಿ ಇನ್ನೂ ಬಿದ್ದಿತ್ತು. ಅದರ ಮೇಲೆಯೇ ಜಮಖಾನ ಹಾಸಿ ಕೂತೆವು. ಈ ಹಿಂಡಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ. ತಳುಕು, ಹಾನಗಲ್ ದಾಟುವ ಹೊತ್ತಿಗೆ ಚಳಿ ಕಿವಿಗೆ ಕಚ್ಚಿತು. ನಾವೆಲ್ಲ ಸ್ವೆಟರಿನವರು, ಮೇಷ್ಟ್ರು ಮಾತ್ರ ಚಳ್ಳಕೆರೆಯ ಕರೀ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಕೂತಿದ್ದರು. ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ ಆ ಕಂಬಳಿ ಹೊಸದರಲ್ಲಿ ಮೈಗೆ ಉಜ್ಜುಕಾಗದದ ಹಾಗೆ. ಆದರೆ ಚಳಿಗೂ ಇಬ್ಬನಿಗೂ ಅದರ ಮುಂದೆ ನಮ್ಮ ಸ್ವೆಟರು ಜರಡಿ.

ಹತ್ತೂವರೆಗೆ ಜಮಖಾನ ಹಾಸಿ, ಮಂಡಕ್ಕಿ ಡಬ್ಬಿ ನಡುವೆ ಇಟ್ಟು, ನಾಲ್ವರು ನಾಲ್ಕು ದಿಕ್ಕಿಗೆ ತಲೆ ಹಾಕಿ ಮಲಗಿದೆವು. ಹುಡುಗಿಗೆ ಲೆಕ್ಕ ಬರೆಯುವ ಕೆಲಸ. ಪ್ರಪಂಚದ ಹವ್ಯಾಸಿಗಳೆಲ್ಲ ಹೀಗೆ ಎಣಿಸಿದ್ದನ್ನು ಕೂಡಿಡುವ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯೊಂದು 1988ರಿಂದ ಇದೆ. ಸಿದ್ದಾಪುರದ ಲೆಕ್ಕವೂ ಅಲ್ಲಿಗೆ ಹೋಗಬೇಕೆಂಬುದು ಮೇಷ್ಟ್ರ ಬಹುದಿನದ ಆಸೆ. ದೂರದರ್ಶಕ ಆಟೋದಲ್ಲೇ ಉಳಿಯಿತು. ಉಲ್ಕೆ ನೋಡಲು ಅದು ಬೇಡ, ಬರಿಗಣ್ಣು ಸಾಕು, ಕತ್ತಲೆಗೆ ಅರ್ಧ ಗಂಟೆ ಪಳಗಿದ ಬರಿಗಣ್ಣು. ಹಾಗಾದರೆ ಅದನ್ನೇಕೆ ಹೊತ್ತು ತಂದೆವು ಎಂದು ಕೇಳಿದೆ. "ತರದಿದ್ದರೆ ಜನ ನಮ್ಮನ್ನು ಖಗೋಳದವರು ಅಂತ ನಂಬೋದು ಹೇಗೆ?" ಎಂದರು.

ಹತ್ತು ನಿಮಿಷ ಏನೂ ಇಲ್ಲ. ದೂರದ ಗುಡ್ಡದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಟುಕುತ್ತಿತ್ತು. ಆಮೇಲೆ ಪೂರ್ವದಿಂದ ಒಂದು ಬೆಳ್ಳಗಿನ ಗೆರೆ ಅವಸರವಿಲ್ಲದೆ ಎದ್ದು, ಅರ್ಧ ಆಕಾಶ ದಾಟಿ ಆರಿತು. "ಬಂತು!" ಎಂದು ನಾಲ್ವರೂ ಕೂಗಿದೆವು. ಹುಡುಗಿ ನಾಲ್ಕು ಎಂದು ಬರೆದುಕೊಂಡಳು. ಒಂದೇ ಉಲ್ಕೆಗೆ ನಾಲ್ಕು ಜನ ವಾರಸುದಾರರಾಗುವ ಈ ತಕರಾರು ರಾತ್ರಿಯಿಡೀ ಬಗೆಹರಿಯಲಿಲ್ಲ. ಲೆಕ್ಕದವರು ಮಿಲ್ಲಿನ ಪದ್ಧತಿಯಂತೆ ಜಮಾ, ಖರ್ಚು, ಶಿಲ್ಕು ಎಂದು ಮೂರು ಕಾಲಮ್ಮು ಹಾಕಿಸಿ ಇನ್ನಷ್ಟು ಗೋಜಲು ಮಾಡಿದರು. ಪಾಪ, ಅವರು ಥರ್ಮಾಸಿನಿಂದ ಚಹಾ ಬಗ್ಗಿಸಿದಾಗಲೆಲ್ಲ ಒಂದು ದೊಡ್ಡದು ಬೀಳುತ್ತಿತ್ತು. ನಾವು ಕೂಗಿ, ಅವರು ತಲೆ ಎತ್ತುವಷ್ಟರಲ್ಲಿ ಆಕಾಶ ಏನೂ ಆಗದವರ ಹಾಗೆ ಇರುತ್ತಿತ್ತು.

ನಡುನಡುವೆ ಮೇಷ್ಟ್ರ ಪಾಠ. ನೆಲದಿಂದ ಎಂಬತ್ತು, ನೂರು ಕಿಲೋಮೀಟರ್ ಮೇಲೆ ಉರಿಯುವ ಆ ಬೆಂಕಿ ಹೆಚ್ಚಿನ ಪಾಲು ಮರಳಿನ ಹರಳಿನಷ್ಟು, ಸಾಸಿವೆ ಕಾಳಿನಷ್ಟು ಪದಾರ್ಥ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರೆ ಅದರ ತುದಿ ಎಲ್ಲಿ ಬರುತ್ತದೋ ಸುಮಾರು ಅಲ್ಲಿ. ವೇಗ ಸೆಕೆಂಡಿಗೆ 35 ಕಿಲೋಮೀಟರ್. ನಮ್ಮ ಆಟೋ ಎರಡು ಗಂಟೆ ಕುಲುಕಿ ಬಂದ ದಾರಿ ಅದಕ್ಕೆ ಎರಡು ಸೆಕೆಂಡೂ ಹಿಡಿಯದು. ಎಲ್ಲವೂ ಒಂದೇ ಬಿಂದುವಿನಿಂದ ಚಿಮ್ಮಿದಂತೆ ಏಕೆ ಕಾಣುತ್ತವೆ ಎಂದು ಹುಡುಗಿ ಕೇಳಿದಳು. ಶೇಂಗಾ ಹೊಲದ ಬದುವಿನ ಮೇಲೆ ನಿಂತು ನೋಡು ಎಂದರು ಮೇಷ್ಟ್ರು. ಪಕ್ಕಪಕ್ಕದಲ್ಲೇ ಹೋಗುವ ಸಾಲುಗಳು ಆಚೆ ತುದಿಯಲ್ಲಿ ಒಂದಕ್ಕೊಂದು ಕೂಡಿದಂತೆ ಕಾಣುವುದಿಲ್ಲವೇ? ಇವೂ ಸಾಲು ಹಿಡಿದೇ ಬರುತ್ತವೆ. ಅವು ಕೂಡಿದಂತೆ ಕಾಣುವ ತುದಿ ಮಿಥುನದಲ್ಲಿದೆ, ನಮ್ಮ ಲೆಕ್ಕದ ಪುನರ್ವಸುವಿನ ಪಕ್ಕ.

ಪುನರ್ವಸು! ಆ ಹೆಸರು ಕೇಳಿ ನಾನು ಎದ್ದು ಕೂತೆ. ಅದು ನಮಗೆ ಮಳೆಯ ಹೆಸರು. ಜುಲೈ ಮೊದಲ ವಾರ ಹಿಡಿದರೆ ಎರಡು ವಾರ ಇರುವ, ಶೇಂಗಾ ಬಿತ್ತನೆಗೆ ರೈತ ಕಾದು ಕೂರುವ ಮಳೆ. ಭರಣಿ ಮಳೆ ಧರಣಿ ಬೆಳೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಮೃಗಶಿರ, ಆರಿದ್ರ, ಮಘೆ, ಹುಬ್ಬೆ, ಚಿತ್ತೆ, ಸ್ವಾತಿ ಎಂದು ಸಾಲದ ಅರ್ಜಿ ತಂದ ರೈತರು ನನ್ನ ಕೌಂಟರಿನ ಮುಂದೆ ಎಷ್ಟು ಸಲ ಹೇಳಿಲ್ಲ! ಆದರೆ ಆ ಹೆಸರಿನ ಚುಕ್ಕಿಯೊಂದು ಮೇಲೆ ಇದೆಯೆಂದು, ಅದನ್ನು ಬೆರಳು ಮಾಡಿ ತೋರಿಸಬಹುದೆಂದು ನನಗೆ ತೋಚಿದ್ದೇ ಇಲ್ಲ. ತೋಚದಿರಲು ಕಾರಣವೂ ಇದೆಯಂತೆ. ಸೂರ್ಯ ಯಾವ ನಕ್ಷತ್ರದಲ್ಲಿ ನಿಂತಿರುತ್ತಾನೋ ಆ ಹದಿಮೂರು ಹದಿನಾಲ್ಕು ದಿನದ ಮಳೆಗೆ ಆ ಹೆಸರು. ಸೂರ್ಯ ಅಲ್ಲೇ ಇರುವುದರಿಂದ ಆ ದಿನಗಳಲ್ಲಿ ಆ ಚುಕ್ಕಿ ಹಗಲಲ್ಲಿ ಮುಚ್ಚಿಹೋಗಿರುತ್ತದೆ. ಆರು ತಿಂಗಳು ಕಳೆದು, ಮಳೆ ಬಂದೋ ಬಾರದೆಯೋ ಎಲ್ಲ ಮುಗಿದ ಮೇಲೆ, ನಡುರಾತ್ರಿ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಬ್ಯಾಂಕಿನವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಸಹಿ ಗೊತ್ತಿದ್ದು ಮುಖ ಗೊತ್ತಿಲ್ಲದ ಖಾತೆದಾರರು ನನಗೂ ಬಹಳ ಜನ ಇದ್ದರು.

ಸಹಿಯ ಮಾತು ಬಂತು, ಒಂದು ಅಡ್ಡಕತೆ. ನಾವು ಮಲಗಿದ್ದ ಜಾಗದಿಂದ ಕೂಗಳತೆಯಲ್ಲೇ ಅಶೋಕನ ಶಾಸನದ ಬಂಡೆಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯದನ್ನು ಊರವರು ಮೊದಲಿಂದ ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂದು ಗೊತ್ತಿತ್ತು; ನಮ್ಮ ಪುನರ್ವಸುವಿನ ಹಾಗೆಯೇ. ಬರೆದವನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕನ್ನಡದಲ್ಲಿ ಇಡೀ ಅರ್ಜಿ ಬರೆದು ಕೆಳಗೆ ಇಂಗ್ಲಿಷಿನಲ್ಲಿ ಸಹಿ ಜಾಡಿಸುವ ನಮ್ಮವರ ಮೂಲಪುರುಷ ಅವನೇ ಇರಬೇಕು. ಆ ಶಾಸನದಲ್ಲಿ 256 ಎಂಬ ಅಂಕಿ ಬರುತ್ತದೆ. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ಓದಿದ ವಿದ್ವಾಂಸರಿದ್ದಾರೆ. ಅಷ್ಟು ರಾತ್ರಿ ಹೊರಗೆ ಕಳೆದವನು ಎಷ್ಟು ಉಲ್ಕೆ ಕಂಡನೆಂದು ಚಪಡನಿಂದ ಬರೆಸಲಿಲ್ಲ. ಮಿಥುನದವನ್ನಂತೂ ಕಂಡಿರಲಾರ. ಇವು ಲೋಕದ ಕಣ್ಣಿಗೆ ಬಿದ್ದದ್ದೇ 1862ರಲ್ಲಿ, ಶಾಸನಗಳಿಗಿಂತ ಮೂವತ್ತು ವರ್ಷ ಮೊದಲು ಅಷ್ಟೆ.

ಬ್ರಹ್ಮಗಿರಿಯ ಆಚೆ, ಕತ್ತಲೆಗಿಂತ ಕಪ್ಪಗೆ ಜಟಿಂಗ ರಾಮೇಶ್ವರ ಬೆಟ್ಟ ನಿಂತಿತ್ತು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ಈ ತಾಲೂಕಿನಲ್ಲಿ ಆಕಾಶದಿಂದ ಬಿದ್ದವರಲ್ಲಿ ಅವನೇ ಮೊದಲಿಗ. ವಾಲ್ಮೀಕಿ ಆ ಜಗಳದಲ್ಲಿ ರಾವಣನಿಗೆ ಕತ್ತೆ ಕಟ್ಟಿದ ರಥ ಕೊಟ್ಟಿದ್ದಾನೆ. ನಮ್ಮ ಜನ ಲಂಕೆಯ ದೊರೆಗೆ ಕತ್ತೆಗಾಡಿ ಚೆನ್ನಾಗಿ ಕಾಣದೆಂದು ಪುಷ್ಪಕ ವಿಮಾನವನ್ನೇ ಕೊಟ್ಟರು. ಈ ಕತೆಯ ಮುಂದಿನ ಭಾಗ ಆ ರಾತ್ರಿ ನಮಗೆ ಗೊತ್ತಿರಲಿಲ್ಲ. ಇಸ್ರೋದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟು, ಅದು ತಾನಾಗಿಯೇ ಚಳ್ಳಕೆರೆಯ ಪರೀಕ್ಷಾ ಬಯಲಿನ ಓಡುದಾರಿಗೆ ಇಳಿಯುವಂತೆ 2023ರ ಏಪ್ರಿಲ್ 2ರಂದೇ ಮಾಡಿ ತೋರಿಸಿದ್ದರು. 2024ರ ಮಾರ್ಚ್ 22ರಂದು ಮತ್ತೆ ಇಳಿಸಿದಾಗ ಅದರ ಹೆಸರು ಪತ್ರಿಕೆಯಲ್ಲಿ ಬಂತು: ಪುಷ್ಪಕ್! ಮೇಷ್ಟ್ರು ಬೆಳಿಗ್ಗೆ ಏಳೂವರೆಗೇ ನನಗೆ ಫೋನು ಮಾಡಿ, "ಪುಷ್ಪಕ ಕೊನೆಗೂ ನಮ್ಮ ಸೀಮೆಯಲ್ಲಿ ಇಳೀತು ಕಣಯ್ಯಾ. ಈ ಸಲ ಅಡ್ಡ ಬರೋಕೆ ಜಟಾಯು ಇರಲಿಲ್ಲ" ಎಂದು ಒಂದೇ ಸಮ ನಕ್ಕರು.

ಜಟಾಯುವಿಗೆ ಒಬ್ಬ ಅಣ್ಣ, ಸಂಪಾತಿ. ಹುಡುಗಾಟದಲ್ಲಿ ಇಬ್ಬರೂ ಸೂರ್ಯನ ಹತ್ತಿರ ಹಾರಿ, ತಮ್ಮ ಬೇಯುವುದನ್ನು ಕಂಡು ಅಣ್ಣ ರೆಕ್ಕೆ ಅಡ್ಡ ಹಿಡಿದು ತಾನು ಸುಟ್ಟುಕೊಂಡ. ಈಗ ಮಿಥುನದ ಉಲ್ಕೆಗಳ ತವರು ನೋಡಿ. ಬೇರೆ ಉಲ್ಕೆಗಳು ಬಹುಪಾಲು ಧೂಮಕೇತುಗಳು ಬಿಟ್ಟುಹೋದ ದೂಳು. ಇವುಗಳ ತಾಯಿ ಮಾತ್ರ ಬಂಡೆಯಂಥದ್ದು, ಐದಾರು ಕಿಲೋಮೀಟರ್ ಅಗಲದ ಕ್ಷುದ್ರಗ್ರಹ. 1983ರಲ್ಲಿ ಒಂದು ಉಪಗ್ರಹದ ಕಣ್ಣಿಗೆ ಬಿತ್ತು. ಸುಮಾರು ಹದಿನೇಳು ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎರಡು ಕೋಟಿ ಕಿಲೋಮೀಟರಿನಷ್ಟು ಹತ್ತಿರ, ಬುಧನಿಗಿಂತಲೂ ಒಳಗೆ, ನುಗ್ಗಿ ಬೆಂದು ಹೊರಬರುತ್ತದೆ. ಅದಕ್ಕೇ ಫೇಥಾನ್ ಎಂದು ಹೆಸರಿಟ್ಟರು. ತಂದೆ ಸೂರ್ಯನ ರಥ ಹೂಡಿ ಕುದುರೆ ಹಿಡಿತ ತಪ್ಪಿ ಬಿದ್ದ ಗ್ರೀಕರ ಹುಡುಗ ಅವನು. ಮೊಳಕಾಲ್ಮೂರಿನವರನ್ನು ಒಂದು ಮಾತು ಕೇಳಿದ್ದರೆ ಸಂಪಾತಿ ಎನ್ನುತ್ತಿದ್ದರು. ಸುಟ್ಟ ರೆಕ್ಕೆಯ ಪುಡಿ ತಮ್ಮ ಬಿದ್ದ ಬೆಟ್ಟದ ಮೇಲೆ ವರ್ಷವರ್ಷ ಉದುರುತ್ತಿದೆ ಎಂದು ನಂಬುವುದಕ್ಕೆ ಇನ್ನೇನು ಬೇಕು?

ಮೇಷ್ಟ್ರು ಸಂಪಾತಿಯ ರೆಕ್ಕೆಗೆ ಬೆಂಕಿ ಹಚ್ಚಿದ ಹೊತ್ತಿಗೆ ಸರಿಯಾಗಿ ಆಟೋ ಅಲ್ಲಾಡಿತು. ಕರಡಿ ಎಂದರು ಲೆಕ್ಕದವರು. ಆ ಬೆಟ್ಟಗಳಲ್ಲಿ ಕರಡಿ ಇರುವುದು ಸುಳ್ಳಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು, ಕತ್ತಲೆಗೆ ಪಳಗಿದ ಕಣ್ಣು ಕೆಡದಿರಲೆಂದು. ಆ ಬೆಳಕಿನಲ್ಲಿ ಹತ್ತಿಪ್ಪತ್ತು ಜೊತೆ ಕಣ್ಣು ಹೊಳೆದವು. ಕುರಿ! ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರಂತೆ. ಮೇವಿಲ್ಲದ ವರ್ಷ, ಹಿಂಡಿ ವಾಸನೆ ಗಾಳಿಯಲ್ಲಿ ತೇಲಿ ಬಂದರೆ ಯಾವ ಕುರಿ ಬೇಲಿಗೆ ನಿಂತೀತು? ಕೆಲವು ಆಟೋ ಹತ್ತಿದ್ದವು, ಕೆಲವು ಜಮಖಾನ ಹತ್ತಿದವು. ಹಿಂದೆಯೇ ಕಂಬಳಿ ಹೊದ್ದ ಅಜ್ಜ ಒಬ್ಬ ಬಂದು, ಅಂಗಾತ ಬಿದ್ದುಕೊಂಡಿದ್ದ ನಮ್ಮನ್ನು ನೋಡಿ ಗಾಬರಿಯಾದ.

"ಯಾಕ್ರಪ್ಪಾ ಹಿಂಗೆ ಬಿದ್ದಿರಿ? ಯಾರಿಗಾನ ಏನಾನ ಆಗೈತಾ?"

"ಇಲ್ಲಜ್ಜ, ಚುಕ್ಕಿ ಉದುರೋದು ನೋಡಾಕೆ ಬಂದೀವಿ, ಚಳ್ಳಕೆರೆಯಿಂದ."

"ಅಲ್ಲಿ ಉದುರಲ್ವಾ?"

"ಉದುರ್ತಾವೆ. ಲೈಟಿನ ಬೆಳಕಿಗೆ ಕಾಣಲ್ಲ."

"ಲೈಟು ಆರಿಸಿದ್ರೆ ಆಗ್ತಿತ್ತಲ್ಲ ಸ್ವಾಮಿ."

ಲೈನ್‌ಮನ್ ಕೆಮ್ಮಿದರು.

ಅಜ್ಜನಿಗೆ ಮಂಡಕ್ಕಿ ಕೊಟ್ಟು ಕೂರಿಸಿಕೊಂಡೆವು. ಆಕಾಶ ಅವನಿಗೆ ನಮಗಿಂತ ಹೆಚ್ಚು ಗುರುತು. ಮೃಗಶಿರದ ಕೆಳಗಿನ ಮೂರು ಚುಕ್ಕಿಗೆ ಕೂರಿಗೆ ತಾಳು ಎಂದ. ಈ ತಿಂಗಳಲ್ಲಿ ಅದು ನೆತ್ತಿಗೆ ಬಂದರೆ ಸರೊತ್ತು. ಗಡಿಯಾರ ನೋಡಿದೆ, ಹನ್ನೆರಡೂವರೆ. ಇದೇ ಹೊತ್ತಿಗೆ ತೋಟಗಳಿಗೆ ತ್ರೀಫೇಸ್ ಕರೆಂಟು ಬಂದು ದೂರದ ಪಂಪುಮನೆಯ ಬಲ್ಬೊಂದು ಝಗ್ಗೆಂದು ಹತ್ತಿಕೊಂಡಿತು. ಎಲ್ಲರೂ ಲೈನ್‌ಮನ್ನರ ಮುಖ ನೋಡಿದೆವು. ಅವರು ನಕ್ಷತ್ರ ನೋಡಿದರು. ಈ ಉಲ್ಕೆಗಳು ಪುನರ್ವಸುವಿನ ಕಡೆಯಿಂದ ಬರುತ್ತವೆ ಎಂದು ಮೇಷ್ಟ್ರು ಹೇಳಿದ್ದಕ್ಕೆ ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ.

"ಪುನರ್ವಸು ಈಗ ಬಂದ್ರೆ ಏನ್ ಬಂದಂಗಾತು ಸ್ವಾಮಿ. ಬಿತ್ತೋ ಹೊತ್ತಿಗೆ ಬರಬೇಕು."

ಆಮೇಲೆ ಕೇಳಿದ: "ಮೋಡ ಆಗಿದ್ರೆ ನಿಮಗೆ ಲುಕ್ಸಾನಾ?"

ಮೇಷ್ಟ್ರು ನಲವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವರು. ಕಂಬಳಿಯ ಕೊಪ್ಪೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಒಂದು ದಪ್ಪನೆಯದು ಹಸಿರು ಬಣ್ಣ ಚೆಲ್ಲಿಕೊಂಡು ಜಟಿಂಗ ಬೆಟ್ಟದ ಹಿಂದಕ್ಕೆ ಇಳಿಯಿತು. ಯಾರೂ "ಬಂತು" ಎನ್ನಲಿಲ್ಲ. ಲೆಕ್ಕದವರು ಆಗ ಚಹಾ ಬಗ್ಗಿಸುತ್ತಿದ್ದರು.

ಎರಡು ದಾಟಿದ ಮೇಲೆ ನಿಜವಾಗಿಯೂ ಸುರಿಯಿತು. ಒಂದರ ಬೆನ್ನಿಗೆ ಒಂದು, ಕೆಲವೊಮ್ಮೆ ಒಟ್ಟಿಗೆ ಎರಡು. ಹುಡುಗಿ ನೂರಾ ಎಪ್ಪತ್ತು ದಾಟಿತೆಂದು ಹೇಳಿದಳು. ಲೆಕ್ಕದವರ ಶಿಲ್ಕಿನ ಪ್ರಕಾರ ತೊಂಬತ್ತೆಂಟು. ಬೆಳಗಾದ ಮೇಲೆ ತಾಳೆ ನೋಡೋಣವೆಂದು ಹಾಳೆಯನ್ನು ಮಂಡಕ್ಕಿ ಡಬ್ಬಿಯ ಕೆಳಗೆ ಇಟ್ಟು, ಅಜ್ಜ ಹೇಳುತ್ತಿದ್ದ ದೇವರ ಎತ್ತುಗಳ ಕತೆ ಕೇಳಿದೆವು. ನೋಡುವ ಹೊತ್ತಿಗೆ ಡಬ್ಬಿ ಉರುಳಿತ್ತು, ಮಂದೆಯ ಹೋತವೊಂದು ನಿಧಾನವಾಗಿ ಗಡ್ಡ ಆಡಿಸುತ್ತಿತ್ತು. ಹಾಳೆಯ ಮೂಲೆಯೊಂದು ಅದರ ತುಟಿಯಂಚಿನಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಹುಡುಗಿ ಎಳೆಯಲು ಹೋದಳು. "ಬಿಡವ್ವಾ, ಅದಕ್ಕಾನ ಮೇವಾತು" ಎಂದ ಅಜ್ಜ. ಅಂತರರಾಷ್ಟ್ರೀಯ ಸಂಸ್ಥೆಯ ಲೆಕ್ಕದಲ್ಲಿ 2023ಕ್ಕೆ ಸಿದ್ದಾಪುರದ ಸಾಲು ಖಾಲಿ.

ಐದಕ್ಕೆ ಜಮಖಾನ ಮಡಚಲು ಹೋದರೆ ಕಲ್ಲಿನಷ್ಟು ಭಾರ. ರಾತ್ರಿಯಿಡೀ ಇಬ್ಬನಿ ಕುಡಿದು ನೆಂದಿತ್ತು. ನಾಲ್ವರು ಹಿಡಿದು ಹಿಂಡಿದೆವು. ಮನೆ ತಲುಪಿ ಬಾಗಿಲು ಬಡಿದಾಗ ಹೆಂಡತಿ ಮೊದಲು ನನ್ನನ್ನು ನೋಡಲಿಲ್ಲ, ಹೆಗಲ ಮೇಲಿನ ಜಮಖಾನ ಮುಟ್ಟಿ ನೋಡಿದಳು. ಅಂಗೈ ಒದ್ದೆಯಾಯಿತು.

"ಅಲ್ಲಿ ಬಂತೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಒಳಗೆ ತಂದಿಟ್ಟಿದ್ದ ಶೇಂಗಾದ ಮೊರ ಎತ್ತಿಕೊಂಡು ಮತ್ತೆ ಮಾಳಿಗೆ ಹತ್ತಿದಳು.